ವಿವೇಕದ ಹಲ್ಲು: ಕೊರ್ಡೋವಾದಿಂದ ಮುದನಾಳದವರೆಗೆ

ಯಾದಗಿರಿ ಜಿಲ್ಲೆಯ ಮುದನಾಳದಂತಹ ಊರಿನಲ್ಲಿ ಇಪ್ಪತ್ತರ ಹರೆಯದ ಯುವಕನೊಬ್ಬ ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾನೆಂದು ಭಾವಿಸಿರಿ. ದಖನಿ ಮಾತನಾಡುವ ಮನೆಯ ಹಿರಿಯರು ಅವನನ್ನು ನೋಡಿ, ಅಕಲ್ ದಾಢ್ ಬರುತ್ತಿದೆ ಎಂದು ನಗುತ್ತಾರೆ. ಪಕ್ಕದ ಮನೆಯ ಅಜ್ಜಿ ಅದನ್ನೇ ಬುದ್ಧಿ ಹಲ್ಲು ಎನ್ನುತ್ತಾಳೆ. ಭಾಷೆ ಬೇರೆಯಾದರೂ ಮಾತು ಒಂದೇ. ಆದರೆ ಆ ನಗುವಿನ ಹಿಂದೆ ಎರಡು ತಪ್ಪುಗಳು ಅಡಗಿರುತ್ತವೆ. ಒಂದು ಭಯ: ಆ ಹಲ್ಲನ್ನು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆ, ಬುದ್ಧಿ ಮಂಕಾಗುತ್ತದೆ ಎಂಬ ಭಯ. ಇನ್ನೊಂದು ಆತುರ: ನೋವು ತಾಳಲಾರದೆ, ಯಾರಾದರೂ ಸರಿ, ಯಾವ ಹಲ್ಲಾದರೂ ಸರಿ, ಕಿತ್ತು ಬಿಡಲಿ ಎಂಬ ಆತುರ. ಭಯಪಟ್ಟವನು ತಿಂಗಳುಗಟ್ಟಲೆ ಕಾಯುತ್ತಾನೆ. ಆತುರಪಟ್ಟವನು ಸಂತೆಯ ದಿನ ಇಕ್ಕಳ ಹಿಡಿದು ಕುಳಿತವನ ಮುಂದೆ ಬಾಯಿ ತೆರೆಯುತ್ತಾನೆ.

ಈ ಎರಡು ತಪ್ಪುಗಳ ಕುರಿತು ಸಾವಿರ ವರ್ಷಗಳ ಹಿಂದೆಯೇ ಸ್ಪಷ್ಟವಾಗಿ ಬರೆದಿಟ್ಟ ವೈದ್ಯರಿದ್ದರು. ಅವರ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಆದರೆ ಅವರು ಏನು ಹೇಳಿದರು ಎಂಬುದನ್ನು ಓದುವವರು ವಿರಳ. ಒಂದು ಪುಟ್ಟ ಹಲ್ಲಿನ ನೆಪದಲ್ಲಿ ಆ ಚರಿತ್ರೆಯನ್ನು ನೆನಪಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹಲ್ಲು ಎಂಬ ಸಾಕ್ಷಿ

ಮನುಷ್ಯನ ದೇಹದಲ್ಲಿ ಹಲ್ಲಿನ ಎನಾಮಲ್‌ಗಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಮಾಂಸ ಮಣ್ಣಾಗುತ್ತದೆ, ಎಲುಬು ಪುಡಿಯಾಗುತ್ತದೆ, ಹಲ್ಲು ಉಳಿಯುತ್ತದೆ. ಇದಕ್ಕೆ ಸಾಕ್ಷಿ ಹುಡುಕಲು ಬಹು ದೂರ ಹೋಗಬೇಕಿಲ್ಲ. ಸುರಪುರ ಸೀಮೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವರು ದಶಕಗಳ ಕಾಲ ಅಧ್ಯಯನ ನಡೆಸಿದರು. 1990ರ ದಶಕದ ಕೊನೆಯಲ್ಲಿ ಅಲ್ಲಿನ ಇಸಾಂಪುರದಲ್ಲಿ ಉತ್ಖನನ ನಡೆಯಿತು. ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ತಯಾರಿಸಿದ ತಾಣವದು. ಅದರ ಕಾಲ ಯಾವುದು ಎಂಬ ಪ್ರಶ್ನೆಗೆ ಉತ್ತರ ನೀಡಿದ್ದು ಕಲ್ಲಲ್ಲ, ಅಲ್ಲಿ ದೊರೆತ ಸಸ್ಯಾಹಾರಿ ಪ್ರಾಣಿಗಳ ಹಲ್ಲು. ಆ ಹಲ್ಲುಗಳ ಎನಾಮಲ್‌ ಅನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ವಿಧಾನದಿಂದ ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆ ತಿಳಿದುಬಂತು. ಭಾರತದಲ್ಲಿ ಮಾನವ ವಾಸದ ಅತಿ ಹಳೆಯ ಕುರುಹುಗಳ ಸಾಲಿನಲ್ಲಿ ನಮ್ಮ ಜಿಲ್ಲೆಯ ಹೆಸರು ಸೇರಿದ್ದು ಹೀಗೆ, ಹಲ್ಲಿನ ಸಾಕ್ಷ್ಯದಿಂದ.

ಹಲ್ಲಿನ ಚರಿತ್ರೆ ಮನುಷ್ಯನ ಅನ್ನದ ಚರಿತ್ರೆಯೂ ಹೌದು. ಬೇಟೆಯಾಡಿ, ಗೆಡ್ಡೆ ಅಗೆದು ತಿನ್ನುತ್ತಿದ್ದ ಕಾಲದಲ್ಲಿ ಆಹಾರ ಒರಟಾಗಿತ್ತು. ಅದನ್ನು ಅಗಿದು ನುರಿಸಲು ಬಾಲ್ಯದಿಂದಲೇ ದವಡೆ ದುಡಿಯಬೇಕಿತ್ತು. ದುಡಿದ ದವಡೆ ಅಗಲವಾಗಿ ಬೆಳೆಯುತ್ತಿತ್ತು. ಬೆಂಕಿ, ಮಡಿಕೆ, ಬೀಸುಕಲ್ಲು ಬಂದ ಬಳಿಕ ಅನ್ನ ಮೆತ್ತಗಾಯಿತು. ತಲೆಮಾರುಗಳು ಕಳೆದಂತೆ ದವಡೆ ಕಿರಿದಾಯಿತು. ಹಲ್ಲುಗಳ ಸಂಖ್ಯೆ ಮಾತ್ರ ಹಾಗೆಯೇ ಉಳಿಯಿತು. ಎಲ್ಲರಿಗಿಂತ ಕೊನೆಗೆ ಬರುವ ಹಲ್ಲಿಗೆ ಸ್ಥಳ ಸಾಲದಾಯಿತು. ಔತಣಕ್ಕೆ ತಡವಾಗಿ ಬಂದವನಿಗೆ ಚಾಪೆಯಲ್ಲಿ ಜಾಗ ಸಿಗದಂತೆ, ಈ ಹಲ್ಲು ಪಕ್ಕದವನನ್ನು ಒತ್ತುತ್ತಾ ಅರ್ಧ ಕುಳಿತು ಅರ್ಧ ನಿಂತು ಉಳಿಯುತ್ತದೆ. ದಂತವೈದ್ಯರ ಬಳಿ ಇಂದು ಕಾಣುವ ಬಹುಪಾಲು ತೊಂದರೆಗಳಿಗೆ ಮೂಲ ಇದೇ.

ಹಲ್ಲಿನ ರಚನೆ ಮತ್ತು ನೆಲೆ

ಪೂರ್ಣ ಬೆಳೆದ ಮನುಷ್ಯನಿಗೆ 32 ಹಲ್ಲುಗಳು. ಬಾಯಿಯನ್ನು ನಾಲ್ಕು ಭಾಗ ಮಾಡಿದರೆ ಪ್ರತಿ ಭಾಗಕ್ಕೆ ಎಂಟು: ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ಮುಂದವಡೆ ಹಲ್ಲು, ಮೂರು ದವಡೆಹಲ್ಲು. ಈ ಮೂರರಲ್ಲಿ ಮೊದಲನೆಯದು ಸುಮಾರು ಆರನೆಯ ವರ್ಷದಲ್ಲಿ, ಎರಡನೆಯದು ಸುಮಾರು ಹನ್ನೆರಡನೆಯ ವರ್ಷದಲ್ಲಿ ಹುಟ್ಟುತ್ತದೆ. ಮೂರನೆಯದೇ ವಿವೇಕದ ಹಲ್ಲು. ಎಂಟು, ಹತ್ತು ವರ್ಷದ ಮಗುವಿನ ದವಡೆಯೊಳಗೆ ಅದು ಗಟ್ಟಿಗೊಳ್ಳಲು ಆರಂಭಿಸುತ್ತದೆ. ಹದಿನೇಳರಿಂದ ಇಪ್ಪತ್ತೈದರ ನಡುವೆ ಹೊರಗೆ ಕಾಣಿಸಿಕೊಳ್ಳುತ್ತದೆ. ಬೇರು ಪೂರ್ಣಗೊಳ್ಳಲು ಇನ್ನೂ ಸ್ವಲ್ಪ ಕಾಲ ಬೇಕು.

ಉಳಿದ ಹಲ್ಲುಗಳಂತೆ ಇದಕ್ಕೊಂದು ನಿಯತ ರೂಪವಿಲ್ಲ. ಕೆಲವರಲ್ಲಿ ಬೇರುಗಳು ಎರಡು, ಕೆಲವರಲ್ಲಿ ಮೂರು, ಇನ್ನು ಕೆಲವರಲ್ಲಿ ಒಂದಾಗಿ ಬೆಸೆದು ಶಂಕುವಿನಂತೆ, ಮತ್ತೆ ಕೆಲವರಲ್ಲಿ ಕೊಕ್ಕೆಯಂತೆ ಬಾಗಿರುತ್ತವೆ. ಜಗತ್ತಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು ಐವರಲ್ಲಿ ಒಬ್ಬರಿಗೆ ನಾಲ್ಕರಲ್ಲಿ ಒಂದಾದರೂ ವಿವೇಕದ ಹಲ್ಲು ಹುಟ್ಟುವುದೇ ಇಲ್ಲ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ದವಡೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕೆಳದವಡೆಯಲ್ಲಿ ಅದು ಹೆಚ್ಚಾಗಿ ಮುಂದಿನ ಹಲ್ಲಿನ ಕಡೆಗೆ ವಾಲಿ ಅದರ ಬೆನ್ನಿಗೆ ಒರಗಿ ನಿಲ್ಲುತ್ತದೆ.

ಅದರ ನೆರೆಹೊರೆಯೂ ಸಾಮಾನ್ಯವಾದುದಲ್ಲ. ಕೆಳದವಡೆಯ ಎಲುಬಿನೊಳಗೆ ಒಂದು ಕಾಲುವೆಯಿದೆ. ಅದರಲ್ಲಿ ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನ ನೀಡುವ ನರ ಸಾಗುತ್ತದೆ. ವಿವೇಕದ ಹಲ್ಲಿನ ಬೇರು ಕೆಲವೊಮ್ಮೆ ಆ ಕಾಲುವೆಯನ್ನೇ ತಾಕುತ್ತದೆ. ಒಳಬದಿಯಲ್ಲಿ, ಒಸಡಿನ ಹಿಂದೆಯೇ, ನಾಲಿಗೆಯ ನರವಿದೆ. ಮೇಲ್ದವಡೆಯಲ್ಲಾದರೆ ಬೇರಿನ ಮೇಲೆಯೇ ಗಾಳಿ ತುಂಬಿದ ಎಲುಬಿನ ಕುಹರವಿದೆ. ಆದ್ದರಿಂದ ಈ ಹಲ್ಲನ್ನು ಅರಿಯದವನು ಕೀಳಲು ಹೊರಟರೆ ತುಟಿ ಅಥವಾ ನಾಲಿಗೆಯ ಅರ್ಧಭಾಗ ಮರಗಟ್ಟಬಹುದು, ದವಡೆಯ ಎಲುಬು ಮುರಿಯಬಹುದು. ಆದರೆ ಕಣ್ಣು ಹೋಗುತ್ತದೆ ಎಂಬ ಭಯಕ್ಕೆ ಅಂಗರಚನೆಯಲ್ಲಿ ಆಧಾರವಿಲ್ಲ. ಹಲ್ಲುಗಳಿಗೆ ಸಂವೇದನೆ ನೀಡುವುದು ಮೆದುಳಿನ ಐದನೆಯ ನರ; ನೋಟ ನೀಡುವುದು ಎರಡನೆಯ ನರ. ಎರಡರ ದಾರಿ ಬೇರೆ ಬೇರೆ. ಬುದ್ಧಿ ಕುಂದುತ್ತದೆ ಎಂಬುದು ಹೆಸರಿನಿಂದ ಹುಟ್ಟಿದ ಭ್ರಮೆ.

ಹೆಸರಿನ ಚರಿತ್ರೆ

ಹಾಗಾದರೆ ಈ ಹೆಸರು ಬಂದುದು ಹೇಗೆ? ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಪ್ರಾಣಿಗಳ ಕುರಿತ ತನ್ನ ಗ್ರಂಥದಲ್ಲಿ, ಮನುಷ್ಯನ ಕೊನೆಯ ದವಡೆಹಲ್ಲುಗಳು ಇಪ್ಪತ್ತರ ಆಸುಪಾಸಿನಲ್ಲಿ ಬರುತ್ತವೆ ಎಂದು ಗುರುತಿಸಿದ್ದಾನೆ. ಎಂಬತ್ತು ವರ್ಷದ ವೃದ್ಧೆಯರಿಗೂ ನೋವಿನೊಂದಿಗೆ ಈ ಹಲ್ಲು ಬಂದ ನಿದರ್ಶನಗಳಿವೆ ಎಂದೂ ಹೇಳಿದ್ದಾನೆ. ತುರ್ಕರು ಇದನ್ನು ಇಪ್ಪತ್ತನೆಯ ವರ್ಷದ ಹಲ್ಲು ಎಂದೇ ಕರೆಯುತ್ತಾರೆ. ಅರಬಿಯಲ್ಲಿ ಇಂದು ಅದು ದಿರ್ಸುಲ್ ಅಕ್ಲ್, ಪಾರಸಿಯಲ್ಲಿ ದಂದಾನೆ ಅಕ್ಲ್. ದಖನಿಯ ಅಕಲ್ ದಾಢ್ ಅದೇ ಪರಂಪರೆಯದು.

ಪ್ರಾಚೀನ ಅರಬಿಯ ಪದ ಇನ್ನೂ ಸ್ವಾರಸ್ಯಕರವಾಗಿದೆ. ಕೊನೆಯ ದವಡೆಹಲ್ಲಿಗೆ ನಾಜಿದ್ ಎಂದೂ ಅದರ ಬಹುವಚನಕ್ಕೆ ನವಾಜಿದ್ ಎಂದೂ ಹೆಸರು. ಕೆಲವು ನಿಘಂಟುಕಾರರು ಅದಕ್ಕೆ ಕೋರೆಹಲ್ಲು ಎಂಬ ಅರ್ಥವನ್ನೂ ಹೇಳಿದ್ದಾರೆ. ಹದೀಸ್‌ಗಳ ಓದುಗರಿಗೆ ಈ ಪದ ಅಪರಿಚಿತವಲ್ಲ. ತನ್ನ ಮಾದರಿಯನ್ನೂ ಸನ್ಮಾರ್ಗಿ ಖಲೀಫರ ಮಾದರಿಯನ್ನೂ ದವಡೆಹಲ್ಲುಗಳಿಂದ ಕಚ್ಚಿ ಹಿಡಿಯುವಂತೆ ಭದ್ರವಾಗಿ ಹಿಡಿದುಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಉಪದೇಶಿಸಿದ ವಚನದಲ್ಲಿ ಬರುವುದು ಈ ನವಾಜಿದ್ ಪದವೇ. ಬಾಯಿಯ ತುದಿಯಲ್ಲಿ ಕಚ್ಚಿದ್ದು ಜಾರಬಹುದು. ಕೊನೆಯ ದವಡೆಯಲ್ಲಿ ಕಚ್ಚಿದ್ದು ಜಾರದು. ಅಗಿಯುವ ಬಲ ಅತ್ಯಧಿಕವಾಗಿರುವುದು ದವಡೆಯ ಸಂದಿಗೆ ಸಮೀಪದ ಹಲ್ಲುಗಳಲ್ಲಿ ಎಂಬುದನ್ನು ಅರಿತವರಿಗೆ ಆ ಉಪಮೆಯ ಗಟ್ಟಿತನ ತಿಳಿಯುತ್ತದೆ. ಅದೇ ಮೂಲದಿಂದ ಮುನಜ್ಜದ್ ಎಂಬ ಪದ ಬಂದಿದೆ: ಬದುಕಿನ ಏಳುಬೀಳುಗಳಲ್ಲಿ ಪಳಗಿದ, ಅನುಭವಸ್ಥ ಮನುಷ್ಯ ಎಂದು ಅದರ ಅರ್ಥ.

ಇಬ್ನು ಸೀನಾ ಹಿಜರಿ ಐದನೆಯ ಶತಮಾನದ ಆದಿಭಾಗದಲ್ಲಿ, ಅಂದರೆ ಕ್ರಿ.ಶ. 1025ರ ಸುಮಾರಿಗೆ ಪೂರ್ಣಗೊಳಿಸಿದ ಅಲ್ ಖಾನೂನ್ ಫಿತ್ತಿಬ್ಬ್ ಎಂಬ ಮಹಾಗ್ರಂಥದ ಅಂಗರಚನಾ ಭಾಗದಲ್ಲಿ ಹಲ್ಲುಗಳಿಗೆ ಒಂದು ಅಧ್ಯಾಯವಿದೆ. ಹಲ್ಲುಗಳು 32, ಕೆಲವರಲ್ಲಿ ನಾಲ್ಕು ನವಾಜಿದ್‌ಗಳು ಇರುವುದಿಲ್ಲ, ಆಗ ಅವು 28 ಎಂದು ಅವರು ದಾಖಲಿಸಿದ್ದಾರೆ. ಅವು ಸಾಮಾನ್ಯವಾಗಿ ಪ್ರಾಯಕ್ಕೆ ಬಂದ ಬಳಿಕ ಮೂವತ್ತರ ಸಮೀಪದವರೆಗಿನ ಅವಧಿಯಲ್ಲಿ ಹುಟ್ಟುತ್ತವೆ, ಆದುದರಿಂದಲೇ ಅವುಗಳಿಗೆ ಪ್ರಬುದ್ಧತೆಯ ಹಲ್ಲುಗಳು ಎಂಬ ಹೆಸರು ಎಂದೂ ವಿವರಿಸಿದ್ದಾರೆ. ಹೆಸರು ವಯಸ್ಸನ್ನು ಸೂಚಿಸುತ್ತದೆಯೇ ಹೊರತು ಹಲ್ಲಿನೊಳಗೆ ಬುದ್ಧಿಯಿದೆ ಎಂದಲ್ಲ. ಸಾವಿರ ವರ್ಷಗಳ ಹಿಂದೆ ಇಷ್ಟು ಸ್ಪಷ್ಟವಾಗಿದ್ದ ಮಾತು ಇಂದು ನಮ್ಮ ಕಟ್ಟೆಗಳ ಮೇಲೆ ಭಯವಾಗಿ ಉಳಿದಿರುವುದು ವಿಷಾದಕರ.

ನಮ್ಮ ನೆಲದ ವೈದ್ಯರೂ ಈ ನೋವನ್ನು ಕಂಡಿದ್ದರು. ಸುಶ್ರುತ ಸಂಹಿತೆಯಲ್ಲಿ ಅಧಿಮಾಂಸ ಎಂಬ ರೋಗದ ಲಕ್ಷಣ ಹೇಳಲಾಗಿದೆ: ದವಡೆಯ ಕೊನೆಯ ಹಲ್ಲಿನ ಬಳಿ ದೊಡ್ಡ ಬಾವು, ತೀವ್ರ ನೋವು, ಜೊಲ್ಲು ಸುರಿಯುವಿಕೆ. ಹೆಚ್ಚುವರಿ ಮಾಂಸವನ್ನು ಕತ್ತರಿಸಿ ತೆಗೆಯುವುದು ಅದಕ್ಕೆ ಹೇಳಿದ ಚಿಕಿತ್ಸೆ. ಅರ್ಧ ಹೊರಬಂದ ವಿವೇಕದ ಹಲ್ಲನ್ನು ಮುಚ್ಚಿದ ಒಸಡಿನ ಉರಿಯೂತವನ್ನು ಇಂದಿನ ವೈದ್ಯರು ವಿವರಿಸುವುದೂ ಬಹುತೇಕ ಹೀಗೆಯೇ.

ಕೊರ್ಡೋವಾದ ಎಚ್ಚರಿಕೆ

ಬಗ್ದಾದಿನಲ್ಲಿ ಒಂಬತ್ತನೆಯ ಶತಮಾನದಲ್ಲಿಯೇ ಹುನೈನ್ ಬಿನ್ ಇಸ್ಹಾಕ್ ಎಂಬ ಕ್ರೈಸ್ತ ವಿದ್ವಾಂಸರು ಹಲ್ಲು ಮತ್ತು ಒಸಡುಗಳ ರಕ್ಷಣೆಯ ಕುರಿತೇ ಒಂದು ಪ್ರತ್ಯೇಕ ಕೃತಿ ರಚಿಸಿದ್ದರು. ಖಲೀಫರ ಆಶ್ರಯದಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಅರಬಿಗೆ ತಂದ ಮಹನೀಯರವರು. ಆದರೆ ದಂತಚಿಕಿತ್ಸೆಯ ಚರಿತ್ರೆಯಲ್ಲಿ ಅತ್ಯಂತ ಪ್ರಕಾಶಮಾನವಾದ ಹೆಸರು ಅಬುಲ್ ಕಾಸಿಮ್ ಅಲ್ ಝಹ್ರಾವಿಯವರದು. ಸುಮಾರು 936ರಲ್ಲಿ ಸ್ಪೇನಿನ ಕೊರ್ಡೋವಾ ಬಳಿಯ ಮದೀನತುಝ್ಝಹ್ರಾದಲ್ಲಿ ಜನಿಸಿ, ಸುಮಾರು 1013ರಲ್ಲಿ ನಿಧನರಾದ ಅವರು ಬರೆದ ಅತ್ತಸ್ರೀಫ್ ಗ್ರಂಥ ಮೂವತ್ತು ಭಾಗಗಳದು. ಕೊನೆಯ ಭಾಗ ಪೂರ್ತಿಯಾಗಿ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ. ಹಲ್ಲಿನ ಮೇಲೆ ಗಟ್ಟಿಯಾಗಿ ಅಂಟುವ ಕಿಟ್ಟವನ್ನು ಕೆರೆಯಲೆಂದೇ ಬೇರೆ ಬೇರೆ ಆಕಾರದ ಹದಿನಾಲ್ಕು ಉಪಕರಣಗಳನ್ನು ಅವರು ಚಿತ್ರಿಸಿದ್ದಾರೆ. ಸಡಿಲವಾದ ಹಲ್ಲುಗಳನ್ನು ಚಿನ್ನದ ತಂತಿಯಿಂದ ಕಟ್ಟುವ ಕ್ರಮವನ್ನೂ ವಿವರಿಸಿದ್ದಾರೆ. ಬೆಳ್ಳಿ ಕೆಲವೇ ದಿನಗಳಲ್ಲಿ ಬಣ್ಣಗೆಡುತ್ತದೆ, ಚಿನ್ನ ಕೆಡುವುದಿಲ್ಲ ಎಂಬುದು ಅವರ ಕಾರಣ.

ಹಲ್ಲು ಕೀಳುವ ಕುರಿತ ಅಧ್ಯಾಯದಲ್ಲಿ ಅವರು ಮೊದಲು ಹೇಳುವ ಮಾತು ಇಕ್ಕಳದ ಕುರಿತಲ್ಲ, ತಡೆಯುವ ಕುರಿತು. ನೋವಿರುವ ಹಲ್ಲನ್ನು ಉಳಿಸಲು ಸಾಧ್ಯವಿರುವ ಎಲ್ಲ ಚಿಕಿತ್ಸೆಯನ್ನೂ ಮಾಡಿ ನೋಡಬೇಕು, ಏಕೆಂದರೆ ಒಮ್ಮೆ ಹೋದ ಹಲ್ಲಿಗೆ ಬದಲಿಯಿಲ್ಲ. ಕೀಳಲೇಬೇಕೆಂದಾದರೆ ಯಾವ ಹಲ್ಲು ಎಂಬುದು ಖಚಿತವಾಗಬೇಕು. ನೋವು ರೋಗಿಯನ್ನು ವಂಚಿಸುತ್ತದೆ. ಅವನು ಆರೋಗ್ಯವಾದ ಹಲ್ಲನ್ನೇ ತೋರಿಸಿ ಅದನ್ನು ಕೀಳಿಸಿಕೊಳ್ಳುತ್ತಾನೆ, ನೋವು ಮಾತ್ರ ಹೋಗುವುದಿಲ್ಲ. ಕ್ಷೌರಿಕರ ಕೈಯಲ್ಲಿ ಇಂತಹುದು ನಡೆದುದನ್ನು ತಾನು ಮತ್ತೆ ಮತ್ತೆ ಕಂಡಿದ್ದೇನೆ ಎನ್ನುತ್ತಾರೆ ಅವರು. ಬಳಿಕ ಕ್ರಮ ಹೇಳುತ್ತಾರೆ: ಹಲ್ಲಿನ ಸುತ್ತಲ ಒಸಡನ್ನು ಬಿಡಿಸಬೇಕು, ಬೆರಳಿನಿಂದಲೋ ಸಣ್ಣ ಇಕ್ಕಳದಿಂದಲೋ ಮೆಲ್ಲಮೆಲ್ಲನೆ ಅಲುಗಿಸಬೇಕು, ರೋಗಿಯ ತಲೆ ಕದಲದಂತೆ ಹಿಡಿದು ನೇರವಾಗಿ ಎಳೆಯಬೇಕು. ಅರಿವಿಲ್ಲದವರು ಆತುರದಿಂದ ಎಳೆದು ಹಲ್ಲನ್ನು ಮುರಿದು ಬೇರನ್ನು ಒಳಗೇ ಉಳಿಸುತ್ತಾರೆ, ಕೆಲವೊಮ್ಮೆ ದವಡೆಯ ಎಲುಬನ್ನೂ ಮುರಿಯುತ್ತಾರೆ ಎಂದು ಅವರು ಗದರಿಸುತ್ತಾರೆ. ಒಳಗೆ ಮುರಿದುಳಿದ ಬೇರನ್ನು ತೆಗೆಯಲು ಬೇರೆಯೇ ಉಪಕರಣಗಳನ್ನು ಅವರು ವಿನ್ಯಾಸಗೊಳಿಸಿದ್ದರು.

ಈ ಮಾತುಗಳನ್ನು ಇಂದಿನ ದಂತವೈದ್ಯ ಓದಿದರೆ ತಲೆದೂಗುತ್ತಾನೆ. ಕೆಳದವಡೆಯ ನೋವು ಕಿವಿಗೆ, ಗಂಟಲಿಗೆ, ಮೇಲಿನ ಹಲ್ಲಿಗೆ ಹರಡುವುದು ವಿವೇಕದ ಹಲ್ಲಿನ ವಿಷಯದಲ್ಲಿ ನಿತ್ಯದ ಅನುಭವ. ಹನ್ನೆರಡನೆಯ ಶತಮಾನದಲ್ಲಿ ತೊಲೆದೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಈ ಶಸ್ತ್ರಭಾಗವನ್ನು ಲ್ಯಾಟಿನ್ನಿಗೆ ಅನುವಾದಿಸಿದ. ಅನಂತರ ಶತಮಾನಗಳ ಕಾಲ ಯುರೋಪಿನ ಶಸ್ತ್ರವೈದ್ಯರಿಗೆ ಅದು ಪಠ್ಯವಾಯಿತು.

ದಖನಿನ ದಾರಿ

ಈ ಜ್ಞಾನ ಪಶ್ಚಿಮಕ್ಕೆ ಹರಿದಂತೆ ಪೂರ್ವಕ್ಕೂ ಹರಿಯಿತು. ಯುನಾನಿ ಎಂಬ ಹೆಸರಿನಲ್ಲಿ ಅದು ದಖನಿನ ಸುಲ್ತಾನರ ರಾಜ್ಯಗಳಿಗೆ ಬಂತು. ಇಂದಿನ ಯಾದಗಿರಿ, ಶಹಾಪುರ ಪ್ರದೇಶಗಳು ಬಿಜಾಪುರದ ಆದಿಲ್ ಶಾಹಿಗಳ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 1589ರಲ್ಲಿ, ಮುಹಮ್ಮದ್ ಕಾಸಿಮ್ ಫಿರಿಶ್ತಾ ಬಿಜಾಪುರಕ್ಕೆ ಬಂದರು. ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್‌ನ ಆಸ್ಥಾನದಲ್ಲಿ ಅವರು ಬರೆದ ಇತಿಹಾಸಗ್ರಂಥ ಎಲ್ಲರಿಗೂ ಗೊತ್ತು. ಅವರೇ ದಸ್ತೂರುಲ್ ಅತಿಬ್ಬಾ ಎಂಬ ವೈದ್ಯಗ್ರಂಥವನ್ನೂ ಬರೆದಿದ್ದಾರೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಭಾರತೀಯ ವೈದ್ಯಪದ್ಧತಿಯನ್ನು ಪಾರಸಿ ಬಲ್ಲ ವೈದ್ಯರಿಗೆ ಪರಿಚಯಿಸುವುದು ಆ ಗ್ರಂಥದ ಉದ್ದೇಶ. ಜ್ಞಾನ ಯಾರದ್ದಾದರೂ ಸರಿ, ರೋಗಿಗೆ ಉಪಕಾರವಾಗುವುದಾದರೆ ಅದನ್ನು ಕಲಿಯಬೇಕು ಎಂಬ ನಿಲುವು ಕೃಷ್ಣಾ, ಭೀಮಾ ನದಿಗಳ ಈ ಸೀಮೆಗೆ ಹೊಸತಲ್ಲ.

ಆದರೆ ಗ್ರಂಥದಲ್ಲಿದ್ದ ವಿದ್ಯೆ ಹಳ್ಳಿಯ ಸಂತೆಯವರೆಗೆ ತಲುಪಲಿಲ್ಲ. ಹಕೀಮರು ಔಷಧ ಕೊಟ್ಟರು. ಹಲ್ಲು ಕೀಳುವುದು ಕೀಳು ಕೆಲಸವೆನಿಸಿ ಇತರರ ಪಾಲಾಯಿತು. ಝಹ್ರಾವಿಯವರು ಗದರಿಸಿದ ಅದೇ ಪದ್ಧತಿ ಕೊರ್ಡೋವಾದಂತೆ ಕಲಬುರಗಿ ಸೀಮೆಯಲ್ಲಿಯೂ ಮುಂದುವರಿಯಿತು.

ಆ ಕಾಲದ ದೊಡ್ಡ ಅಡ್ಡಿ ನೋವೇ ಆಗಿತ್ತು. ಅದನ್ನು ನಿವಾರಿಸಿದ ಚರಿತ್ರೆಯಲ್ಲಿಯೂ ಈ ಹಲ್ಲಿಗೆ ಒಂದು ಸ್ಥಾನವಿದೆ. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್ 11ರಂದು ನೈಟ್ರಸ್ ಆಕ್ಸೈಡ್ ಅನಿಲ ಸೇವಿಸಿ ತನ್ನದೇ ವಿವೇಕದ ಹಲ್ಲನ್ನು ಕೀಳಿಸಿಕೊಂಡ, ನೋವಾಗಲಿಲ್ಲ. 1846ರಲ್ಲಿ ಇನ್ನೊಬ್ಬ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್‌ನ ಬಳಕೆಯನ್ನು ಸಾರ್ವಜನಿಕವಾಗಿ ತೋರಿಸಿದ. ಬಳಿಕ ಕ್ಲೋರೋಫಾರಂ ಬಂತು. ಅದು ಸುರಕ್ಷಿತವೇ ಎಂಬ ವಿವಾದ ಜಗತ್ತನ್ನು ಕಾಡಿದಾಗ ಅದರ ಪರೀಕ್ಷೆ ನಡೆದದ್ದು ಯಾದಗಿರಿಯೂ ಸೇರಿದ್ದ ನಿಜಾಮರ ರಾಜ್ಯದಲ್ಲಿ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಧನಸಹಾಯದಿಂದ 1888 ಮತ್ತು 1889ರಲ್ಲಿ ಹೈದರಾಬಾದ್ ಕ್ಲೋರೋಫಾರಂ ಆಯೋಗಗಳು ಕೆಲಸ ಮಾಡಿದವು. ಡಾ. ಎಡ್ವರ್ಡ್ ಲಾರಿ ಅದರ ಮುಂದಾಳು. ಕ್ಲೋರೋಫಾರಂನಿಂದ ಹೃದಯ ನೇರವಾಗಿ ನಿಲ್ಲುವುದಿಲ್ಲ ಎಂಬ ಅವರ ತೀರ್ಮಾನ ಮುಂದೆ ತಪ್ಪೆಂದು ಸಿದ್ಧವಾಯಿತು. ಆದರೂ ಪ್ರಶ್ನೆಯನ್ನು ಪರೀಕ್ಷೆಯಿಂದ ಬಗೆಹರಿಸಬೇಕು ಎಂಬ ಅವರ ಹಂಬಲ ಗೌರವಾರ್ಹ. 1884ರ ಬಳಿಕ ಕೊಕೇನ್, 1905ರಲ್ಲಿ ಪ್ರೊಕೇನ್, 1943ರಲ್ಲಿ ಸಿದ್ಧಗೊಂಡ ಲಿಡೋಕೇನ್ ಹೀಗೆ ಸ್ಥಳೀಯ ಅರಿವಳಿಕೆಗಳು ಬಂದ ಮೇಲೆ ರೋಗಿಯನ್ನು ಪ್ರಜ್ಞೆ ತಪ್ಪಿಸುವ ಅಗತ್ಯವೇ ಬಹುಪಾಲು ಇಲ್ಲವಾಯಿತು.

1895ರಲ್ಲಿ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದ. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ಒಟ್ಟೊ ವಾಲ್ಕ್‌ಹಾಫ್ ತನ್ನದೇ ಹಲ್ಲುಗಳ ಎಕ್ಸ್‌ರೇ ಚಿತ್ರ ತೆಗೆದ. ಅದಕ್ಕೆ 25 ನಿಮಿಷ ಬೇಕಾಯಿತು. ಯಾವ ಹಲ್ಲು ಎಂದು ಖಚಿತಪಡಿಸಿಕೊಳ್ಳಿರಿ ಎಂಬ ಝಹ್ರಾವಿಯವರ ಮಾತಿಗೆ ಒಂಬತ್ತು ಶತಮಾನಗಳ ಬಳಿಕ ಕಣ್ಣು ದೊರೆಯಿತು.

ಭಾರತದ ದಂತವೈದ್ಯ ಶಿಕ್ಷಣದ ಪಿತಾಮಹ

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಸಂತೆಯಿಂದ ಕಾಲೇಜಿಗೆ ಕೊಂಡೊಯ್ದವರು ಡಾ. ರಫೀಉದ್ದೀನ್ ಅಹ್ಮದ್. 1890ರ ಡಿಸೆಂಬರ್ 24ರಂದು ಪೂರ್ವ ಬಂಗಾಳದಲ್ಲಿ ಜನಿಸಿದ ಅವರು ಅಲೀಗಢದಲ್ಲಿ ಓದಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಿಂದ 1915ರಲ್ಲಿ ದಂತವೈದ್ಯ ಪದವಿ ಪಡೆದರು. ಅಲ್ಲಿಯೇ ಸುಖವಾಗಿ ನೆಲೆಸಬಹುದಿತ್ತು. ಅವರು ಮರಳಿ ಬಂದು 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಪ್ರಥಮ ದಂತವೈದ್ಯ ಕಾಲೇಜನ್ನು ಆರಂಭಿಸಿದರು. ಸರಕಾರದ ನೆರವಿರಲಿಲ್ಲ, ನ್ಯೂಯಾರ್ಕ್ ಸೋಡಾ ಫೌಂಟೇನ್ ಎಂಬ ತಂಪು ಪಾನೀಯ, ಐಸ್‌ಕ್ರೀಮ್‌ಗಳ ಅಂಗಡಿ ನಡೆಸಿ, ಅದರ ಆದಾಯದಿಂದ ಕಾಲೇಜನ್ನು ಸಾಕಿದರು. 1925ರಲ್ಲಿ ದಂತವೈದ್ಯ ಪತ್ರಿಕೆಯೊಂದನ್ನು ಆರಂಭಿಸಿದರು. ಅರ್ಹತೆಯಿಲ್ಲದವರು ಹಲ್ಲಿಗೆ ಕೈಹಚ್ಚದಂತೆ ಕಾನೂನು ಬೇಕೆಂದು ಶ್ರಮಿಸಿದರು. 1948ರಲ್ಲಿ ದಂತವೈದ್ಯರ ಕಾಯಿದೆ ಜಾರಿಗೆ ಬಂತು. ಬಳಿಕ ತಾನು ಕಟ್ಟಿದ ಕಾಲೇಜನ್ನು ಸರಕಾರಕ್ಕೆ ಒಪ್ಪಿಸಿದರು. 1964ರಲ್ಲಿ ಪದ್ಮಭೂಷಣ ಪಡೆದ ಅವರು 1965ರಲ್ಲಿ ನಿಧನರಾದರು. ಅವರ ಜನ್ಮದಿನವನ್ನು ದೇಶದಲ್ಲಿ ದಂತವೈದ್ಯರ ದಿನವಾಗಿ ಆಚರಿಸುತ್ತಾರೆ. ಕರ್ನಾಟಕದಲ್ಲಿ ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು 1958ರಲ್ಲಿ ಆರಂಭವಾಯಿತು. ಇಂದು ನಮ್ಮ ಭಾಗದ ಕಲಬುರಗಿಯಲ್ಲಿಯೇ ದಂತವೈದ್ಯ ಕಾಲೇಜುಗಳಿವೆ.

ಇಂದಿನ ವೈದ್ಯಕೀಯ ಮಹತ್ವ

ವಿವೇಕದ ಹಲ್ಲು ನೇರವಾಗಿ ಹುಟ್ಟಿ, ಸ್ವಚ್ಛಗೊಳಿಸಲು ಸಾಧ್ಯವಿದ್ದು, ನೋವು ಕೊಡದಿದ್ದರೆ ಅದನ್ನು ಕೀಳುವ ಅಗತ್ಯವಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ 2000ದಲ್ಲಿ, ರೋಗವಿಲ್ಲದ ವಿವೇಕದ ಹಲ್ಲನ್ನು ಮುನ್ನೆಚ್ಚರಿಕೆಗೆಂದು ಕೀಳಬಾರದೆಂದು ಸೂಚಿಸಿತು. ಅಮೆರಿಕದ ಶಸ್ತ್ರವೈದ್ಯರ ಒಲವು ಸ್ವಲ್ಪ ಬೇರೆ. ಎಳೆ ವಯಸ್ಸಿನಲ್ಲಿ ಬೇರು ಪೂರ್ಣವಾಗುವ ಮೊದಲು ತೆಗೆಯುವುದು ಸುಲಭ ಎಂಬುದು ಅವರ ವಾದ. ನಿರ್ಧಾರ ಪ್ರತಿಯೊಬ್ಬರ ಎಕ್ಸ್‌ರೇ ನೋಡಿ ಆಗಬೇಕೆಂಬುದರಲ್ಲಿ ಎರಡು ಮಾತಿಲ್ಲ.

ತೊಂದರೆ ಸಾಮಾನ್ಯವಾಗಿ ಹೀಗೆ ಆರಂಭವಾಗುತ್ತದೆ. ಅರ್ಧ ಹೊರಬಂದ ಹಲ್ಲಿನ ಮೇಲೆ ಒಸಡಿನ ಮುಚ್ಚಳವೊಂದು ಉಳಿಯುತ್ತದೆ. ಅದರ ಅಡಿಯಲ್ಲಿ ಅನ್ನದ ಅಗುಳು, ಜೋಳದ ರೊಟ್ಟಿಯ ಚೂರು ಸಿಕ್ಕಿ ಕೊಳೆಯುತ್ತದೆ. ಬ್ಯಾಕ್ಟೀರಿಯಾ ಬೆಳೆದು ಒಸಡು ಬಾಯುತ್ತದೆ. ಬಾತ ಒಸಡನ್ನು ಮೇಲಿನ ಹಲ್ಲು ಪ್ರತಿ ಸಲ ಕಚ್ಚುತ್ತದೆ. ಬಾವು ಇನ್ನೂ ಹೆಚ್ಚುತ್ತದೆ. ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ಈ ಹಂತದಲ್ಲಿ ಉಗುರುಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಹಿತಕರ. ಆದರೆ ನೋವಿನ ಮಾತ್ರೆಯನ್ನು ಒಸಡಿನ ಮೇಲೆಯೇ ಇಟ್ಟುಕೊಳ್ಳುವ ರೂಢಿ ಅಪಾಯಕಾರಿ. ಅದು ಚರ್ಮವನ್ನು ಸುಡುತ್ತದೆ. ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಎರಡು ದಿನ ನುಂಗಿ ಬಿಡುವುದೂ ಚಿಕಿತ್ಸೆಯಲ್ಲ.

ಇನ್ನೊಂದು ಅಪಾಯ ಮೌನವಾದುದು. ವಾಲಿದ ಹಲ್ಲು ತನ್ನ ಮುಂದಿನ ಒಳ್ಳೆಯ ದವಡೆಹಲ್ಲಿನ ಬೆನ್ನಿನಲ್ಲಿ ಹುಳುಕು ಉಂಟುಮಾಡುತ್ತದೆ. ಕೆಲವರಲ್ಲಿ ಹೂತುಹೋದ ಹಲ್ಲಿನ ಸುತ್ತ ನೀರಿನ ಚೀಲ ಬೆಳೆದು ದವಡೆಯ ಎಲುಬನ್ನು ತೆಳುವಾಗಿಸುತ್ತದೆ. ಎಲ್ಲಕ್ಕಿಂತ ಭೀಕರವಾದುದು 1836ರಲ್ಲಿ ಜರ್ಮನ್ ವೈದ್ಯ ಲುಡ್ವಿಗ್ ವಿವರಿಸಿದ, ಅವನ ಹೆಸರಿನಿಂದಲೇ ಕರೆಯಲಾಗುವ ಸೋಂಕು. ಕೆಳಗಿನ ಕೊನೆಯ ದವಡೆಹಲ್ಲುಗಳ ಬೇರುಗಳು ಬಾಯಿಯ ನೆಲವಾದ ಸ್ನಾಯುವಿಗಿಂತ ಕೆಳಗೆ ಇಳಿದಿರುವುದರಿಂದ ಕೀವು ಕತ್ತಿನ ಕಡೆಗೆ ಹರಡಿ ಶ್ವಾಸನಾಳವನ್ನೇ ಒತ್ತಬಹುದು. ನುಂಗಲು ಕಷ್ಟ, ನಾಲಿಗೆಯ ಅಡಿ ಅಥವಾ ಗಲ್ಲದ ಕೆಳಗೆ ಬಾವು, ಜ್ವರ, ಉಸಿರಾಟದ ತೊಂದರೆ, ಬಾಯಿಯಲ್ಲಿ ಎರಡು ಬೆರಳೂ ತೂರದಷ್ಟು ಬಿಗಿತ: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರದಿಂದಿರಬೇಕು.

ಇನ್ನೊಂದು ಕಹಿ ಸತ್ಯ ಗುಟ್ಕಾ, ಅಡಿಕೆಯ ಚಟದ್ದು. ಅದು ಕೆನ್ನೆಯ ಒಳಚರ್ಮವನ್ನು ನಾರಾಗಿಸಿ ಬಾಯಿ ತೆರೆಯದಂತೆ ಮಾಡುತ್ತದೆ. ಅಂತಹ ಬಾಯಿಯ ಕೊನೆಯಲ್ಲಿರುವ ಹಲ್ಲನ್ನು ತಲುಪುವುದು ನುರಿತ ವೈದ್ಯನಿಗೂ ಕಷ್ಟ. ನೋವು ಬಂದಾಗ ವೈದ್ಯರನ್ನು ಹುಡುಕುವ ತರುಣ, ಅವರ ದಾರಿಯನ್ನು ತಾನೇ ಮುಚ್ಚಿರುತ್ತಾನೆ.

ಸ್ವಚ್ಛತೆಯ ವಿಷಯದಲ್ಲಿ ನಮಗೆ ಹೊಸ ಪಾಠ ಬೇಕಿಲ್ಲ. ಜನರಿಗೆ ಕಷ್ಟವಾಗದಿರುತ್ತಿದ್ದರೆ ಪ್ರತಿ ನಮಾಝಿಗೂ ಮಿಸ್ವಾಕ್ ಮಾಡಲು ಆದೇಶಿಸುತ್ತಿದ್ದೆ ಎಂಬರ್ಥದ ಪ್ರವಾದಿ(ಸ)ಯವರ ಮಾತು ಎಲ್ಲರಿಗೂ ತಿಳಿದಿದೆ. ಆದರೆ ಮಿಸ್ವಾಕ್ ಆಗಲಿ ಬ್ರಷ್ ಆಗಲಿ ಬಾಯಿಯ ಮುಂಭಾಗದಲ್ಲಿಯೇ ಆಡಿ ಹಿಂದಿರುಗುತ್ತದೆ. ಕೊನೆಯ ಹಲ್ಲಿನ ಹಿಂಬದಿಯವರೆಗೆ ಅದು ತಲುಪಬೇಕು.

ಹೆಮ್ಮೆ ಮತ್ತು ಹೊಣೆ

ಅಲ್ ಝಹ್ರಾವಿಯವರ ಹೆಸರನ್ನು ಸಭೆಗಳಲ್ಲಿ ಹೇಳಿ ನಾವು ಎದೆಯುಬ್ಬಿಸುತ್ತೇವೆ. ಜಗತ್ತಿಗೆ ಶಸ್ತ್ರಚಿಕಿತ್ಸೆ ಕಲಿಸಿದವರು ನಮ್ಮವರು ಎನ್ನುತ್ತೇವೆ. ಅದೇ ಸಭೆಯಿಂದ ಮನೆಗೆ ಮರಳಿ, ಹಲ್ಲುನೋವೆಂದು ಅಳುವ ಮಗನನ್ನು ಸಂತೆಯ ಇಕ್ಕಳದವನ ಬಳಿಗೆ ಕಳುಹಿಸಿದರೆ ಆ ಹೆಮ್ಮೆಗೆ ಏನು ಬೆಲೆ? ಝಹ್ರಾವಿಯವರು ಬರೆದದ್ದು ಯಾರ ವಿರುದ್ಧವೋ ಅವನ ಮುಂದೆಯೇ ನಾವು ಬಾಯಿ ತೆರೆದು ಕುಳಿತಂತಾಯಿತು.

ಮುದನಾಳದ ಕಟ್ಟೆಯ ಮೇಲೆ ಕೆನ್ನೆ ಹಿಡಿದು ಕುಳಿತ ಆ ಯುವಕನನ್ನು ಮತ್ತೆ ನೆನೆಯಿರಿ. ಕಣ್ಣು ಹೋಗುವುದಿಲ್ಲ ಎಂದು ಅವನಿಗೆ ಧೈರ್ಯ ಹೇಳಬೇಕು. ಯಾವ ಹಲ್ಲು, ಹೇಗೆ ವಾಲಿದೆ, ಉಳಿಸಬಹುದೇ ಎಂದು ಅರಿತವರಿಂದ ತಿಳಿಯುವವರೆಗೆ ಕೀಳಿಸಬೇಡ ಎಂದು ಬುದ್ಧಿ ಹೇಳಬೇಕು. ಬಳಿಕ ಜೊತೆಗೆ ನಡೆದು ವೈದ್ಯರ ಬಳಿ ಕರೆದೊಯ್ಯಬೇಕು. ವಿವೇಕ ಹಲ್ಲಿನಲ್ಲಿಲ್ಲ, ಅದನ್ನು ಕುರಿತು ತೀರ್ಮಾನಿಸುವ ನಮ್ಮಲ್ಲಿರಬೇಕು.